ಕಂಚಿನ ದನಿ: ಹಳೆಯ ಸಿಂಬಲ್‌ಗಳ ನಾದವೂ ಚರಿತ್ರೆಯೂ

ಕಂಚಿನ ವಿಷಯದಲ್ಲಿ ಕನ್ನಡಕ್ಕೆ ಎರಡು ಮನಸ್ಸು. ತುಂಬಿದ, ದೂರಕ್ಕೆ ಕೇಳಿಸುವ ದನಿಯನ್ನು ‘ಕಂಚಿನ ಕಂಠ’ವೆಂದು ಮೆಚ್ಚುವ ಭಾಷೆಯೇ, ಕಂಚು ಮೊಳಗಿದಂತೆ ಚಿನ್ನ ಮೊಳಗದೆಂಬ ಲೋಕೋಕ್ತಿಯಲ್ಲಿ ಅದೇ ದನಿಯನ್ನು ಆಡಂಬರದ ಗುರುತಾಗಿಸಿ ಹಗುರಗೊಳಿಸುತ್ತದೆ. ಲೋಕೋಕ್ತಿಯ ನೀತಿ ಹೇಗೂ ಇರಲಿ, ಅದರೊಳಗಿನ ಲೋಹವಿದ್ಯೆ ಮಾತ್ರ ನಿಜ. ಅಪ್ಪಟ ಚಿನ್ನ ಮೆದು. ಬಿದ್ದ ಪೆಟ್ಟನ್ನು ತನ್ನೊಳಗೇ ನುಂಗಿಕೊಳ್ಳುತ್ತದೆ. ಕಂಚು ಪೆಟ್ಟನ್ನು ಕಂಪನವಾಗಿ ಹಿಡಿದಿಟ್ಟುಕೊಂಡು ಬಹಳ ಹೊತ್ತು ಹೊರಗೆ ಬಿಡುತ್ತಿರುತ್ತದೆ. ಪಶ್ಚಿಮದ ಡ್ರಮ್‌ಸೆಟ್ಟಿನಲ್ಲಿ ಕಂಬಿಯ ಮೇಲೆ ನಿಲ್ಲಿಸುವ ‘ಸಿಂಬಲ್’ ಎಂಬ ಅಗಲವಾದ ಕಂಚಿನ ತಟ್ಟೆ ಈ ಗುಣವನ್ನೇ ನೆಚ್ಚಿಕೊಂಡಿದೆ. ಈ ತಟ್ಟೆಗಳಲ್ಲಿ ಅರುವತ್ತು ಎಪ್ಪತ್ತು ವರ್ಷ ಹಳೆಯವನ್ನು, ಅದರಲ್ಲೂ ಇಸ್ತಾಂಬುಲಿನಲ್ಲಿ ಕೈಯಿಂದ ಬಡಿದು ಮಾಡಿದವನ್ನು, ಜಾಝ್ ವಾದಕರು ಹೊಸತಿಗಿಂತ ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುತ್ತಾರೆ. ಕಾರಣ ಕೇಳಿದರೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: ಒಂದು ಮನೆತನ ತಲೆಮಾರುಗಳಿಂದ ಕಾಪಾಡಿದ ಮಿಶ್ರಲೋಹದ ಗುಟ್ಟು. ಕಥೆ ಸೊಗಸಾಗಿದೆ. ಆದರೆ ಲೋಹವನ್ನೂ ಕೆಲಸವನ್ನೂ ಬೇರೆಬೇರೆಯಾಗಿ ನೋಡಿದಾಗ, ಗುಟ್ಟು ಮೂಸೆಯಲ್ಲಿ ಇದ್ದುದಕ್ಕಿಂತ ಸುತ್ತಿಗೆ ಹಿಡಿದ ಕೈಯಲ್ಲಿ ಹೆಚ್ಚಾಗಿ ಇದ್ದಿತೆಂಬುದು ತಿಳಿಯುತ್ತದೆ.

ಆ ಮನೆತನದ ಹೆಸರು ಝಿಲ್ಜಿಯನ್. ಭಾಷೆಯ ವಿದ್ಯಾರ್ಥಿಗೆ ಈ ಹೆಸರೇ ಒಂದು ಪಾಠ. ತುರ್ಕಿ ಭಾಷೆಯಲ್ಲಿ ‘ಝಿಲ್’ ಎಂದರೆ ತಾಳ. ‘-ಜಿ’ ಎಂಬುದು ಕಸುಬನ್ನು ಹೇಳುವ ಪ್ರತ್ಯಯ. ‘-ಯನ್’ ಎಂಬುದು ಆರ್ಮೇನಿಯನ್ ಭಾಷೆಯಲ್ಲಿ ವಂಶವನ್ನು ಸೂಚಿಸುವ ಪ್ರತ್ಯಯ. ಮೂರೂ ಕೂಡಿದರೆ ‘ತಾಳ ಮಾಡುವವನ ಮನೆಯವರು’ ಎಂದಾಯಿತು. ಈ ‘-ಜಿ’ಯ ಇನ್ನೊಂದು ರೂಪವಾದ ‘-ಚಿ’ ಪಾರಸಿ, ಉರ್ದುಗಳ ದಾರಿಯಾಗಿ ಕನ್ನಡಕ್ಕೂ ಬಂದಿದೆ. ಖಜಾಂಚಿ, ಮಶಾಲ್ಚಿ ಮೊದಲಾದ ಪದಗಳಲ್ಲಿ ಇರುವುದು ಅದೇ. ಕಂಚುಗಾರ, ಬಳೆಗಾರ ಎಂಬಲ್ಲಿ ‘-ಗಾರ’ ಮಾಡುವ ಕೆಲಸವನ್ನು ಅಲ್ಲಿ ಅದು ಮಾಡುತ್ತದೆ. ಆರ್ಮೇನಿಯನ್ ಕುಟುಂಬವೊಂದು ತುರ್ಕಿ ಕಸುಬಿನ ಹೆಸರಿಗೆ ತನ್ನ ನುಡಿಯ ಪ್ರತ್ಯಯ ಹಚ್ಚಿ ಮನೆಹೆಸರು ಮಾಡಿಕೊಂಡದ್ದು, ಎರಡು ಭಾಷೆಗಳ ನಡುವೆ ಬಾಳುವ ಗಡಿನಾಡಿನ ಓದುಗರಿಗೆ ವಿಚಿತ್ರವೆನಿಸಲಾರದು.

ಮನೆತನದ ಕಥೆಯಂತೆ, 1618ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಅವೆದಿಸ್ ಎಂಬ ರಸವಾದಿ ಚಿನ್ನ ಮಾಡಹೊರಟು, ಅದರ ಬದಲಿಗೆ ಒಡೆಯದೆ ಮೊಳಗುವ ಕಂಚನ್ನು ಪಡೆದನು. 1623ರಲ್ಲಿ ಸುಲ್ತಾನನ ಅನುಮತಿಯಿಂದ ಸ್ವಂತ ಕುಲುಮೆಯನ್ನು ತೆರೆದನು. ಚಿನ್ನ ಹುಡುಕಿದವನಿಗೆ ಕಂಚು ಸಿಕ್ಕಿ ಅವನ ವಂಶವೇ ಬಾಳಿತೆಂಬ ಈ ಕಥೆ ಕನ್ನಡದ ಆ ಲೋಕೋಕ್ತಿಗೆ ಯಾರೋ ಕೊಟ್ಟ ಉತ್ತರದಂತಿದೆ. ಅಂದಿನ ದೊಡ್ಡ ಗಿರಾಕಿ ಒಟ್ಟೊಮನ್ ಸೇನೆ. ಜಾನಿಸರಿ ಪಡೆಯ ‘ಮೆಹ್ತರ್’ ಎಂಬ ವಾದ್ಯಮೇಳದಲ್ಲಿ ನಗಾರಿಗಳು, ಶಹನಾಯಿ ಜಾತಿಯ ಊದುವಾದ್ಯಗಳು ಮತ್ತು ತಾಳಗಳು ಒಟ್ಟಿಗೆ ಮೊಳಗುತ್ತಿದ್ದವು. 18ನೆಯ ಶತಮಾನದಲ್ಲಿ ಯೂರೋಪಿನ ಅರಮನೆಗಳೂ ಸೇನೆಗಳೂ ಈ ಮೇಳವನ್ನು ಅನುಕರಿಸಿದವು. ಮೊಝಾರ್ಟ್ 1782ರ ತನ್ನ ತುರ್ಕಿ ಕಥೆಯ ಗೀತನಾಟಕದಲ್ಲಿಯೂ, ಹೈಡನ್ ತನ್ನ 100ನೆಯ ಸಿಂಫನಿಯಲ್ಲಿಯೂ, ಬೀಥೋವನ್ 1824ರ ಒಂಬತ್ತನೆಯ ಸಿಂಫನಿಯ ಕೊನೆಯ ಭಾಗದಲ್ಲಿಯೂ ಸಿಂಬಲನ್ನು ಬಳಸಿದ್ದಾರೆ. ಯುದ್ಧದ ವಾದ್ಯ ಸಭೆಯ ವಾದ್ಯವಾದುದು ಹೀಗೆ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆ ಅದೇ ವಂಶದ ಎರಡನೆಯ ಅವೆದಿಸ್ ತನ್ನ ಸಿಂಬಲ್‌ಗಳನ್ನು ಹಡಗಿನಲ್ಲಿ ಒಯ್ದನು. ಅವನ ಬಳಿಕ ಕುಲುಮೆ ನಡೆಸಿದ ಕೆರೋಪೆಯ ಮೊದಲಕ್ಷರವೇ ಮುಂದೆ ‘ಕೆ’ ಎಂಬ ಪ್ರಸಿದ್ಧ ಮುದ್ರೆಯಾಯಿತು.

ಇನ್ನು ಲೋಹ. ಗುಟ್ಟೆಂದು ಹೇಳಲಾಗುವ ಈ ಕಂಚಿನಲ್ಲಿ ಸುಮಾರು ಶೇಕಡ 80 ತಾಮ್ರ, ಶೇಕಡ 20 ತವರ. ಕೆಲವರು ಲೇಶಮಾತ್ರ ಬೆಳ್ಳಿಯನ್ನೂ ಹೇಳುತ್ತಾರೆ. ಈ ಪ್ರಮಾಣ ಲೋಕಕ್ಕೆ ಗೊತ್ತಿರುವುದೇ. ಕಷ್ಟವಿರುವುದು ಅದನ್ನು ಪಳಗಿಸುವುದರಲ್ಲಿ. ಇಷ್ಟು ತವರ ಸೇರಿದ ಕಂಚನ್ನು ನಿಧಾನವಾಗಿ ಆರಗೊಟ್ಟರೆ ಗಾಜಿನಂತೆ ಪೆಡಸಾಗಿ, ಸುತ್ತಿಗೆಯ ಪೆಟ್ಟಿಗೆ ಹೋಳಾಗುತ್ತದೆ. ಅದನ್ನೇ ಕೆಂಪಗೆ ಕಾಯಿಸಿ, 600 ಡಿಗ್ರಿ ಸೆಲ್ಸಿಯಸ್‌ಗೆ ಮೇಲ್ಪಟ್ಟ ಶಾಖದಿಂದ ಒಮ್ಮೆಲೇ ನೀರಿನಲ್ಲಿ ಅದ್ದಿದರೆ, ಬಡಿತ ತಾಳುವಷ್ಟು ಬಗ್ಗುತ್ತದೆ. ಕಮ್ಮಾರನ ಅನುಭವಕ್ಕೆ ಇದು ತೀರ ವಿರುದ್ಧ: ಉಕ್ಕು ನೀರಿಗೆ ಬಿದ್ದರೆ ಗಡಸಾಗುತ್ತದೆ, ಈ ಕಂಚು ನೀರಿಗೆ ಬಿದ್ದರೆ ಮಣಿಯುತ್ತದೆ. ಬಿಸಿಲೋಹದ ಒಳಗಿನ ಹರಳುಗಳ ಜೋಡಣೆ, ಪೆಡಸುತನಕ್ಕೆ ಕಾರಣವಾದ ಇನ್ನೊಂದು ಜೋಡಣೆಗೆ ಬದಲಾಗುವಷ್ಟು ಸಮಯ ಸಿಗದಿರುವುದೇ ಇದರ ಮರ್ಮ.

ಈ ಮರ್ಮ ಒಂದೇ ಮನೆತನದ ಸ್ವತ್ತಾಗಿರಲಿಲ್ಲವೆಂಬುದಕ್ಕೆ ಸಾಕ್ಷಿ ಗಡಿನಾಡಿನ ಮಣ್ಣಿನಲ್ಲಿಯೇ ಇದೆ. ನೀಲಗಿರಿಯ ಪ್ರಾಚೀನ ಕಲ್ಗುಪ್ಪೆಯ ಸಮಾಧಿಗಳಲ್ಲಿ ಸಿಕ್ಕ ತೆಳ್ಳಗಿನ ಕಂಚಿನ ಬಟ್ಟಲುಗಳನ್ನು ಬೆಂಗಳೂರಿನ ಲೋಹಪುರಾತತ್ತ್ವ ವಿದ್ವಾಂಸೆ ಶಾರದಾ ಶ್ರೀನಿವಾಸನ್ ಪರೀಕ್ಷಿಸಿದ್ದಾರೆ. ಅವುಗಳಲ್ಲಿ ಶೇಕಡ 20ಕ್ಕೂ ಮಿಗಿಲಾದ ತವರವಿದ್ದು, ಬಿಸಿಯಾಗಿರುವಾಗಲೇ ಬಡಿದು ಬಳಿಕ ನೀರಿನಲ್ಲಿ ಅದ್ದಿದ ಗುರುತುಗಳಿವೆ. ಇದೇ ಬಗೆಯ ಪಾತ್ರೆಕೆಲಸ ಕೇರಳದ ಕಂಚುಗಾರರಲ್ಲಿ ಆಧುನಿಕ ಕಾಲದವರೆಗೂ ನಡೆದುಬಂದಿರುವುದನ್ನೂ ಅವರು ದಾಖಲಿಸಿದ್ದಾರೆ. ಅವೆದಿಸನಿಗೆ ಎಷ್ಟೋ ಶತಮಾನ ಮುಂಚೆಯೇ ದಕ್ಷಿಣದ ಕುಶಲಿಗಳಿಗೆ ಈ ಲೋಹದ ಸ್ವಭಾವ ತಿಳಿದಿತ್ತು. ಚೀನಾದ ಜಾಗಟೆಗಾರರಿಗೂ ತಿಳಿದಿತ್ತು. ಅಂದಮೇಲೆ ಇಸ್ತಾಂಬುಲಿನ ದನಿಯ ವಿಶೇಷವನ್ನು ಬೇರೆಡೆ ಹುಡುಕಬೇಕು.

ಎರಕದ ಬಿಲ್ಲೆಯನ್ನು ಮತ್ತೆ ಮತ್ತೆ ಕಾಯಿಸಿ, ಒಂದೊಂದು ಬಾರಿಯೂ ದಿಕ್ಕು ತಿರುಗಿಸಿ, ಉರುಳೆಗಳ ನಡುವೆ ಹಾಯಿಸಿ ಅಗಲವಾದ ಹಾಳೆ ಮಾಡುತ್ತಾರೆ. ನಡುವೆ ಉಬ್ಬು ಮೂಡಿಸಿ, ತೂತು ಕೊರೆದು, ಅಂಚು ಕತ್ತರಿಸುತ್ತಾರೆ. ಇಷ್ಟಾದರೂ ಅದು ತಗಡೇ. ಬಡಿದರೆ ಮೊಂಡು ಸದ್ದು. ಅದಕ್ಕೆ ದನಿ ಬರುವುದು ಸುತ್ತಿಗೆಯಿಂದ. ಅಡಿಗಲ್ಲಿನ ಮೇಲಿಟ್ಟು ಸಾವಿರಾರು ಪೆಟ್ಟು ಹಾಕಿದಾಗ ತಟ್ಟೆ ಬಿಲ್ಲಿನಂತೆ ಬಾಗುತ್ತದೆ, ಲೋಹದೊಳಗೆ ಬಿಗಿತ ತುಂಬುತ್ತದೆ. ಆ ಬಿಗಿತ ಎಲ್ಲೆಡೆ ಒಂದೇ ಸಮವಾಗಿದ್ದರೆ ದನಿ ನಿರ್ಮಲವಾಗಿ, ಗಂಟೆಯತ್ತ ವಾಲುತ್ತದೆ; ಅಲ್ಲಲ್ಲಿ ಹೆಚ್ಚುಕಡಿಮೆಯಾಗಿದ್ದರೆ ದನಿ ಗಾಢವಾಗಿ, ಹಲವು ಸ್ವರಗಳು ಕಲಸಿದಂತೆ ಕೇಳುತ್ತದೆ. ಬಳಿಕ ಲೇತಿಗೆ ಹಿಡಿದು ಮೇಲ್ಪದರವನ್ನು ಸುರುಳಿಗೆರೆಗಳಾಗಿ ಕೆತ್ತಿ ತೆಗೆಯುತ್ತಾರೆ. ಇಲ್ಲಿ ಬಿಟ್ಟ ದಪ್ಪವೇ ತಟ್ಟೆಯ ತೂಕ, ಅದರ ಸ್ವಭಾವ. ಹಳೆಯ ಇಸ್ತಾಂಬುಲಿನ ಕುಲುಮೆಯಲ್ಲಿ ಸುತ್ತಿಗೆಯ ಕೆಲಸವೆಲ್ಲ ಕೈಯದೇ. ಒಬ್ಬನ ಪೆಟ್ಟು ಇನ್ನೊಬ್ಬನದರಂತೆ ಇರುತ್ತಿರಲಿಲ್ಲ. ಒಬ್ಬನದೇ ಬೆಳಗಿನ ಪೆಟ್ಟು ಸಂಜೆಯದರಂತೆ ಇರುತ್ತಿರಲಿಲ್ಲ.

ಈ ನಾದವನ್ನು ತಿಳಿಯಲು ಯಕ್ಷಗಾನದ ತಾಳದೊಡನೆ ಹೋಲಿಸುವುದು ಉಪಯುಕ್ತ. ಭಾಗವತರ ಕೈತಾಳ ಸಣ್ಣದು, ದಪ್ಪನೆಯದು. ಅದಕ್ಕೊಂದು ಖಚಿತ ಸ್ವರವಿದೆ, ಆದುದರಿಂದಲೇ ಶ್ರುತಿಗೆ ಹೊಂದುವ ಜೊತೆಯನ್ನು ಆರಿಸಿಕೊಳ್ಳುತ್ತಾರೆ. ಮಾದೇಶ್ವರನ ಗುಡ್ಡರ ಕಂಸಾಳೆಯೂ ಅಂಥ ದಪ್ಪ ಕಂಚಿನದೇ. ಡ್ರಮ್‌ಸೆಟ್ಟಿನ ಸಿಂಬಲ್ ಇದಕ್ಕೆ ಎದುರು: 20 ಅಥವಾ 22 ಅಂಗುಲ ಅಗಲ, ಸುಮಾರು ಎರಡು ಕಿಲೋಗ್ರಾಂ ತೂಕ, ಅಂಚು ಬೆರಳಿಗೆ ಬಾಗುವಷ್ಟು ತೆಳ್ಳಗೆ. ಅದಕ್ಕೆ ಒಂದು ಸ್ವರವಿಲ್ಲ. ಕೋಲು ತಾಗಿದ ಕೂಡಲೆ ಕಂಪನದ ಅಲೆಗಳು ತಟ್ಟೆಯುದ್ದಕ್ಕೂ ಹರಿಯುತ್ತವೆ. 10ರಿಂದ 20 ಮಿಲಿಸೆಕೆಂಡಿನೊಳಗೆ 700ರಿಂದ 1000 ಹರ್ಟ್ಸಿನ ಸುತ್ತಣ ದನಿ ಬಲಗೊಳ್ಳುತ್ತದೆ. ಆಮೇಲೆ ಶಕ್ತಿ ತಗ್ಗಿನ ಕಂಪನಗಳಿಂದ ಮೇಲಿನ ಕಂಪನಗಳಿಗೆ ದಾಟುತ್ತಾ, 3000ದಿಂದ 5000 ಹರ್ಟ್ಸಿನ ಮಿನುಗು ಉಳಿದೆಲ್ಲವನ್ನೂ ಮುಚ್ಚುತ್ತದೆ. ಪೆಟ್ಟು ಬಿದ್ದ ಮೇಲೆ ದನಿ ಅರಳುವಂತೆ ತೋರುವುದು ಇದರಿಂದಲೇ. ದಪ್ಪ ತಟ್ಟೆಯಲ್ಲಿ ಕೋಲಿನ ‘ಟಿಂಗ್’ ಸ್ಪಷ್ಟ, ಅರಳುವಿಕೆ ತಡ. ತೆಳು ತಟ್ಟೆಯಲ್ಲಿ ಅರಳುವಿಕೆ ಬೇಗ, ದನಿ ತಗ್ಗು, ಆದರೆ ಕೋಲಿನ ಪೆಟ್ಟು ಅದರೊಳಗೆ ಮುಳುಗುವ ಭಯವಿದೆ. ಒಳ್ಳೆಯ ಹಳೆಯ ‘ಕೆ’ಯ ಹಿರಿಮೆ ಈ ಎರಡರ ನಡುವಿನ ಹದದಲ್ಲಿದೆ: ಕೋಲು ಮರದ ಮೇಲೆ ಬಿದ್ದಂತೆ ಒಣಗಿ ಕೇಳುತ್ತದೆ, ಅದರ ಹಿಂದೆ ಮಬ್ಬಾದ ನಾದ ಹರಡಿರುತ್ತದೆ.

ಈ ಹದ ಬೇಕೆನಿಸಿದ್ದು ಅಮೆರಿಕದಲ್ಲಿ. ಮನೆತನದ ಮೂರನೆಯ ಅವೆದಿಸ್ 1909ರಲ್ಲಿ ಅಲ್ಲಿಗೆ ಹೋಗಿ ಬಾಸ್ಟನ್ ಸೀಮೆಯಲ್ಲಿ ಮಿಠಾಯಿ ವ್ಯಾಪಾರ ನಡೆಸುತ್ತಿದ್ದನು. ಹಿರಿಯರಾದ ಅರಾಮ್ 1927ರಲ್ಲಿ ಪತ್ರ ಬರೆದು ಕುಲಕಸುಬನ್ನು ವಹಿಸಿಕೊಳ್ಳಲು ಕರೆದರು. ಅವೆದಿಸ್ ಊರಿಗೆ ಮರಳದೆ, ಕಸುಬನ್ನೇ ತಾನಿದ್ದ ಕಡೆಗೆ ತರಿಸಿಕೊಂಡನು. 1929ರಲ್ಲಿ ಮ್ಯಾಸಚೂಸೆಟ್ಸ್‌ನ ಕ್ವಿನ್ಸಿಯಲ್ಲಿ ಕಾರ್ಖಾನೆ ಆರಂಭವಾಯಿತು. ಜೀನ್ ಕ್ರೂಪಾ ಮೊದಲಾದ ವಾದಕರ ಮಾತು ಕೇಳಿ ತೆಳುವಾದ ಸಿಂಬಲ್‌ಗಳನ್ನು ಮಾಡಿಸಿದನು. ಜೋ ಜೋನ್ಸ್ ಕಾಲಿನಿಂದ ಮುಚ್ಚಿ ತೆರೆಯುವ ಹೈ-ಹ್ಯಾಟ್ ಜೋಡಿಯ ಮೇಲೆ ಲಯವನ್ನು ಹರಿಯಬಿಟ್ಟನು. 1940ರ ದಶಕದ ಆರಂಭದಲ್ಲಿ ಕೆನ್ನಿ ಕ್ಲಾರ್ಕ್ ಲಯ ಹಿಡಿಯುವ ಹೊಣೆಯನ್ನು ದೊಡ್ಡ ಡ್ರಮ್ಮಿನಿಂದ ರೈಡ್ ಸಿಂಬಲ್ಲಿಗೆ ದಾಟಿಸಿದನು. ಇದು ಸಣ್ಣ ಬದಲಾವಣೆಯಲ್ಲ. ಅಲ್ಲಲ್ಲಿ ಒಮ್ಮೆ ಮೊಳಗಿ ಅಡಗುತ್ತಿದ್ದ ತಟ್ಟೆ ಈಗ ಹಾಡಿನ ಉದ್ದಕ್ಕೂ ಎಡೆಬಿಡದೆ ನುಡಿಯಬೇಕಾಯಿತು; ಅದರ ದನಿಯ ಒಂದೊಂದು ಎಳೆಯೂ ಕಿವಿಗೆ ಬೀಳತೊಡಗಿತು.

ಅಮೆರಿಕದ ಸಿಂಬಲ್‌ಗಳು ಸಮ, ಸ್ವಚ್ಛ. ಅದೇ ಕಾಲದಲ್ಲಿ ಇಸ್ತಾಂಬುಲಿನಲ್ಲಿ ಉಳಿದ ಕುಲುಮೆಯ ‘ಕೆ’ ತಟ್ಟೆಗಳನ್ನು ಗ್ರೆಟ್ಷ್ ಕಂಪನಿ ಅಮೆರಿಕಕ್ಕೆ ತರಿಸುತ್ತಿತ್ತು. ಅವುಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ವಾದಕರು ರಾಶಿಯೊಳಗೆ ಒಂದೊಂದನ್ನೇ ಬಡಿದು ಆರಿಸುತ್ತಿದ್ದರು. ಎಷ್ಟೋ ತಟ್ಟೆಗಳು ಕೆಲಸಕ್ಕೆ ಬಾರದವೆಂದು ಹಿಂದಕ್ಕೆ ಹೋಗುತ್ತಿದ್ದವು. ಎಲ್ವಿನ್ ಜೋನ್ಸ್, ಟೋನಿ ವಿಲಿಯಮ್ಸ್, ಮೆಲ್ ಲೂಯಿಸ್ ಮುಂತಾದವರ ಧ್ವನಿಮುದ್ರಣಗಳಲ್ಲಿ ಇಂದು ಕೇಳಿಸುವುದು ಹೀಗೆ ಆರಿಸಿ ಉಳಿದವುಗಳ ದನಿ. ‘ಹಿಂದಿನವೆಲ್ಲ ಚೆನ್ನಾಗಿದ್ದವು’ ಎಂಬ ಮಾತನ್ನು ಇಲ್ಲಿ ತುಸು ಎಚ್ಚರದಿಂದ ಕೇಳಬೇಕು. ಚೆನ್ನಾಗಿದ್ದವನ್ನು ಜನ ಉಳಿಸಿಕೊಂಡರು. ಉಳಿದವು ಮೂಲೆ ಸೇರಿದವು, ಒಡೆದವು. ಕೈಕೆಲಸದ ಅಸಮತೆಯಿಂದ ಕೆಟ್ಟ ತಟ್ಟೆಯೂ ಹುಟ್ಟುತ್ತದೆ, ಯಂತ್ರ ಎಂದೂ ಕೊಡದ ತಟ್ಟೆಯೂ ಹುಟ್ಟುತ್ತದೆ. ಬೆಲೆ ಇರುವುದು ಎರಡನೆಯದಕ್ಕೆ. ಲೋಹವೊಂದೇ ಎಲ್ಲವನ್ನೂ ನಿರ್ಧರಿಸದೆಂಬುದಕ್ಕೆ ಇನ್ನೊಂದು ಉದಾಹರಣೆಯೂ ಉಂಟು: ಶೇಕಡ 8 ತವರವಷ್ಟೇ ಇರುವ, ಬೆಡಗಿಲ್ಲದ ಕಂಚಿನ ಹಾಳೆಯಿಂದ ಸ್ವಿಟ್ಜರ್ಲೆಂಡಿನ ಪೈಸ್ಟೆ ಕಂಪನಿ 1971ರಲ್ಲಿ ತಂದ ‘2002’ ಸಿಂಬಲ್‌ಗಳು ರಾಕ್ ಸಂಗೀತದಲ್ಲಿ ಮನೆಮಾತಾದವು.

1968ರಲ್ಲಿ ಅಮೆರಿಕದ ಶಾಖೆ ‘ಕೆ’ ಮುದ್ರೆಯ ಹಕ್ಕನ್ನು ಕೊಂಡಿತು. 1970ರ ದಶಕದ ಕೊನೆಗೆ ಇಸ್ತಾಂಬುಲಿನ ಕೆಲಸ ನಿಂತಿತು. ಹೆಸರು ಹೋಯಿತು, ಕೈ ಉಳಿಯಿತು. ಬಾಲ್ಯದಿಂದ ಅಲ್ಲಿ ಕೆಲಸ ಕಲಿತ ಮೆಹ್ಮೆತ್ ತಾಮ್‌ದೇರ್ ಮತ್ತು ಅಗೋಪ್ ತೊಮುರ್ಜುಕ್ 1980ರಲ್ಲಿ ಅದೇ ನಗರದಲ್ಲಿ ಹೊಸ ಕುಲುಮೆ ಹೂಡಿದರು. ಒಬ್ಬರು ತುರ್ಕಿ, ಇನ್ನೊಬ್ಬರು ಆರ್ಮೇನಿಯನ್. 1996ರಲ್ಲಿ ಅಗೋಪ್ ತೀರಿಕೊಂಡ ಮೇಲೆ ಅದು ಎರಡಾಯಿತು. ಇಂದಿಗೂ ಎರಡೂ ನಡೆಯುತ್ತಿವೆ. ಮನೆತನದ ಕೂಡ ಇದೇ ಗತಿ: ಮೂರನೆಯ ಅವೆದಿಸನ ಮಗ ರಾಬರ್ಟ್ ಅಣ್ಣನಿಂದ ಬೇರೆಯಾಗಿ 1981ರಲ್ಲಿ ಕೆನಡಾದಲ್ಲಿ ‘ಸೇಬಿಯನ್’ ಆರಂಭಿಸಿದನು, ಆ ಹೆಸರು ಅವನ ಮೂವರು ಮಕ್ಕಳಾದ ಸ್ಯಾಲಿ, ಬಿಲ್ಲಿ, ಆಂಡಿಯರ ಹೆಸರಿನ ಮೊದಲೆರಡು ಅಕ್ಷರಗಳಿಂದ ಕಟ್ಟಿದ್ದು.

ಹಳೆಯ ತಟ್ಟೆಯ ಕಾಲವನ್ನು ಗುರುತಿಸಲು ಮೊದಲು ನೋಡುವುದು ಮುದ್ರೆಯನ್ನು. ‘ಕಾನ್‌ಸ್ಟಾಂಟಿನೋಪಲ್’ ಎಂದಿದ್ದರೆ ಹಳೆಯದು. ‘ಇಸ್ತಾಂಬುಲ್’ ಎಂದಿದ್ದರೆ ನಂತರದ್ದು. ಬಳಿಕ ಮೈಬಣ್ಣ. ಕಂಚಿನ ಪಾತ್ರೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗುವುದು ಕನ್ನಡ ಮನೆಗಳ ರೂಢಿ. ಹಳೆಯ ಸಿಂಬಲ್ಲಿಗೆ ಯಾರಾದರೂ ಹಾಗೆ ಮಾಡಿದರೆ ಸಂಗ್ರಾಹಕರು ನಿಟ್ಟುಸಿರು ಬಿಡುತ್ತಾರೆ. ಕಪ್ಪುಗಟ್ಟಿದ ಪದರವೂ ಗೆರೆಗಳೊಳಗೆ ಕುಳಿತ ಕೊಳೆಯೂ ಮೇಲಿನ ಸ್ವರಗಳನ್ನು ಕೊಂಚ ಮೆತ್ತಗಾಗಿಸುತ್ತವೆ. ಉಜ್ಜಿದರೆ ಗೆರೆಯ ಜೊತೆಗೆ ಮುದ್ರೆಯೂ ಸವೆಯುತ್ತದೆ. ನಡುವಿನ ತೂತು ಕಂಬಿಗೆ ತಿಕ್ಕಿ ಕೀಲಿಕೈ ತೂತಿನಂತೆ ಉದ್ದವಾಗಿದ್ದರೆ, ತಟ್ಟೆ ವರ್ಷಗಟ್ಟಲೆ ಒಂದೇ ದಿಕ್ಕಿಗೆ ನಿಂತು ಪೆಟ್ಟು ತಿಂದಿದೆಯೆಂದು ಅರ್ಥ. ಅಪಾಯದ್ದು ಅಂಚಿನ ಬಿರುಕು. ಬೆಳಕಿಗೆ ಹಿಡಿದು ಸುತ್ತಲೂ ಬೆರಳಾಡಿಸಿ ನೋಡದೆ ಹಳೆಯ ಸಿಂಬಲ್ ಕೊಳ್ಳಬಾರದು. ಅನುಮಾನವಿದ್ದರೆ ಅಂಚನ್ನು ಮೆಲ್ಲಗೆ ತಟ್ಟಿದಾಗ ಝರಝರ ಸದ್ದು ಬೆರೆಯುತ್ತದೆ. ಬಿರುಕು ಚಿಕ್ಕದಾಗಿದ್ದರೆ ಅದರ ಕೊನೆಯಲ್ಲಿ ಸಣ್ಣ ತೂತು ಕೊರೆಯುತ್ತಾರೆ. ಚೂಪಾದ ತುದಿಯಲ್ಲಿ ಸೇರುತ್ತಿದ್ದ ಒತ್ತಡ ತೂತಿನ ದುಂಡು ಅಂಚಿಗೆ ಹಂಚಿಹೋಗಿ, ಬಿರುಕು ಮುಂದೆ ಹರಿಯುವುದು ನಿಧಾನವಾಗುತ್ತದೆ. ದನಿ ತುಸು ಗಿಡ್ಡವಾದೀತು. ಅಂಥ ತೂತು ಬಿದ್ದ ತಟ್ಟೆಗಳನ್ನು ವಾದಕರು ಅನೇಕ ವರ್ಷ ನುಡಿಸುತ್ತಾರೆ.