ಒಂಬತ್ತು ರೂಪಾಯಿಯ ಷೇರು ಅಗ್ಗವೇ?

ಈ ಸಲ ಹೊಸೂರು, ದೆಂಕಣಿಕೋಟೆ, ಕೃಷ್ಣಗಿರಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಸಣ್ಣ ಸಾಫ್ಟ್‌ವೇರ್ ಕಂಪನಿಗಳ ಷೇರಿನ ಬಗ್ಗೆಯೇ ಇವೆ. ಅತ್ತಿಬೆಲೆ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ದಿನವೂ ಕೆಲಸಕ್ಕೆ ಹೋಗಿಬರುವವರಿರುವ ಊರುಗಳಲ್ಲಿ ಈ ಆಸಕ್ತಿ ಸಹಜ. ಹಲವರು ಕಂಪನಿಯ ಹೆಸರು ಬರೆದು ‘ಕೊಳ್ಳಲೇ, ಮಾರಲೇ’ ಎಂದು ಕೇಳಿದ್ದೀರಿ. ಆ ಹೆಸರುಗಳನ್ನು ಇಲ್ಲಿ ಅಚ್ಚು ಹಾಕುತ್ತಿಲ್ಲ. ಪ್ರಶ್ನೆ ಮಾತ್ರ ನಿಮ್ಮದೇ ಮಾತಿನಲ್ಲಿದೆ.

ಪ್ರಶ್ನೆ: ಸಿಪ್‌ಕಾಟ್‌ನ ಕೈಗಾರಿಕಾ ವಲಯದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದವನು ನಾನು. ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯ ಷೇರು ಒಂಬತ್ತು ರೂಪಾಯಿಗೆ ಸಿಗುತ್ತಿದೆ. ಬೆಳಿಗ್ಗೆ ವಾಕಿಂಗ್ ಬರುವ ಗೆಳೆಯರಲ್ಲಿ ಇದೇ ಚರ್ಚೆ. ‘ಇನ್ಫೋಸಿಸ್ ಕೂಡ ಒಂದು ಕಾಲಕ್ಕೆ ಸಣ್ಣದೇ, ಒಂಬತ್ತು ರೂಪಾಯಿಯಲ್ಲಿ ಕಳ್ಕೊಳ್ಳೋದೇನಿದೆ’ ಅಂತಾರೆ ಒಬ್ಬರು. ‘ಮುಂಚೆ ಇದು ಮುನ್ನೂರು ರೂಪಾಯಿ ಇತ್ತು, ಮತ್ತೆ ಅಲ್ಲಿಗೆ ಹೋಗೇ ಹೋಗುತ್ತೆ’ ಅಂತ ಇನ್ನೊಬ್ಬರು. ಮೂರನೆಯವರು ಮುಟ್ಟಲೇಬೇಡ ಅಂತಾರೆ. ಗ್ರಾಚ್ಯುಟಿ ದುಡ್ಡು ಕೈಯಲ್ಲಿದೆ. ಹತ್ತು ಸಾವಿರ ಷೇರು ತೆಗೆದಿಡಲೇ ಸರ್?
— ಮತ್ತಿಗಿರಿ, ಹೊಸೂರು

ಉತ್ತರ: ನಿಮ್ಮ ಗೆಳೆಯರಲ್ಲಿ ಇಬ್ಬರು ಷೇರಿನ ಬೆಲೆ ನೋಡುತ್ತಿದ್ದಾರೆ, ಕಂಪನಿ ಎಷ್ಟು ಷೇರುಗಳಾಗಿ ಹಂಚಿಹೋಗಿದೆ ಎಂಬುದನ್ನು ನೋಡುತ್ತಿಲ್ಲ. ಮೊದಲು ಆ ಗುಣಾಕಾರ ಮಾಡಿ. ಒಂಬತ್ತು ರೂಪಾಯಿಯ ಷೇರುಗಳು ಐವತ್ತು ಕೋಟಿ ಇದ್ದರೆ, ಮಾರುಕಟ್ಟೆ ಆ ಕಂಪನಿಗೆ ಕಟ್ಟಿರುವ ಬೆಲೆ 450 ಕೋಟಿ ರೂಪಾಯಿ. ಕಂಪನಿಯ ವರ್ಷದ ಲಾಭ ಐದು ಕೋಟಿ ಎಂದಿಟ್ಟುಕೊಳ್ಳಿ. ಆಗ ನೀವು ತೊಂಬತ್ತು ವರ್ಷದ ಲಾಭವನ್ನು ಇವತ್ತೇ ಮುಂಗಡವಾಗಿ ಕೊಟ್ಟ ಹಾಗಾಯಿತು. ಇದು ಅಗ್ಗವಲ್ಲ. ಮೂರು ಸಾವಿರ ರೂಪಾಯಿಯ ಷೇರು ಇದಕ್ಕಿಂತ ಅಗ್ಗವಾಗಿರಬಹುದು.

‘ಮುನ್ನೂರಿತ್ತು, ಮತ್ತೆ ಹೋಗುತ್ತೆ’ ಎಂಬ ಮಾತಿಗೆ ಬೆಂಗಳೂರಿನ ಸುಬೆಕ್ಸ್ ಕಂಪನಿಯ ಕಥೆ ಹೇಳಬೇಕು. ಟೆಲಿಫೋನ್ ಕಂಪನಿಗಳಿಗೆ ವಂಚನೆ ಪತ್ತೆಹಚ್ಚುವ ತಂತ್ರಾಂಶ ಮಾಡಿಕೊಡುವ ಈ ಕಂಪನಿಯ ಬಗ್ಗೆ ಸಣ್ಣ ಹೂಡಿಕೆದಾರರು ವರ್ಷಗಳಿಂದ ವಾದ ಮಾಡುತ್ತಲೇ ಬಂದಿದ್ದಾರೆ. ಅದರ ತಂತ್ರಾಂಶ ಒಳ್ಳೆಯದೇ, ದೇಶವಿದೇಶಗಳಲ್ಲಿ ಗಿರಾಕಿಗಳಿದ್ದರು. 2006ರಲ್ಲಿ ಬ್ರಿಟನ್ನಿನ ಅಜ್ಯೂರ್ ಸೊಲ್ಯೂಷನ್ಸ್, 2007ರಲ್ಲಿ ಕೆನಡಾದ ಸಿಂಡೆಸಿಸ್ ಎಂಬ ಎರಡು ಕಂಪನಿಗಳನ್ನು ಅದು ಕೊಂಡಿತು. ಈ ದೊಡ್ಡ ಖರ್ಚಿಗಾಗಿ 18 ಕೋಟಿ ಡಾಲರ್‌ನ ವಿದೇಶಿ ಬಾಂಡ್ ಸಾಲ ಎತ್ತಿತು. ಈ ಬಾಂಡ್‌ಗಳನ್ನು ಷೇರಾಗಿ ಬದಲಾಯಿಸಿಕೊಳ್ಳಬಹುದಿತ್ತು. ಷೇರಿನ ಬೆಲೆ ಏರುತ್ತಲೇ ಹೋಗುತ್ತದೆ, ಸಾಲ ಕೊಟ್ಟವರು ನೂರಾರು ರೂಪಾಯಿ ಬೆಲೆಗೆ ಷೇರು ತೆಗೆದುಕೊಳ್ಳುತ್ತಾರೆ, ಸಾಲ ತಾನಾಗಿ ತೀರುತ್ತದೆ ಎಂಬುದು ಲೆಕ್ಕ. 2008ರ ಆರ್ಥಿಕ ಕುಸಿತದಲ್ಲಿ ಆ ಲೆಕ್ಕ ತಪ್ಪಿತು. ಗಿರಾಕಿಗಳು ಖರ್ಚಿಗೆ ಕಡಿವಾಣ ಹಾಕಿದರು, ಷೇರು ಬಿತ್ತು, ಸಾಲ ನಿಂತಿತು. ಮುಂದಿನ ವರ್ಷಗಳಲ್ಲಿ ಬದಲಾವಣೆಯ ಬೆಲೆಯನ್ನು ಇಳಿಸುತ್ತ ಹೋಗಿ, ಸಾಲದ ಜಾಗದಲ್ಲಿ ಕೋಟಿಗಟ್ಟಲೆ ಹೊಸ ಷೇರು ಕೊಡಬೇಕಾಯಿತು. ನಾಲ್ಕು ಕೋಟಿಗೂ ಕಡಿಮೆಯಿದ್ದ ಷೇರುಗಳು ಸುಮಾರು 56 ಕೋಟಿಯಾದವು. ಹಳೆಯ ಷೇರುದಾರನ ಕೈಯಲ್ಲಿ ಷೇರಿನ ಸಂಖ್ಯೆ ಅಷ್ಟೇ ಇದ್ದರೂ, ಕಂಪನಿಯಲ್ಲಿ ಅವನ ಪಾಲು ಹತ್ತನೇ ಒಂದಕ್ಕಿಂತ ಕೆಳಗಿಳಿಯಿತು. ಹಳೆಯ ಬೆಲೆ ಮರಳಿ ಬರಬೇಕಾದರೆ ಇಡೀ ಕಂಪನಿ ಹಿಂದೆ ಬಾಳುತ್ತಿದ್ದುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಬಾಳಬೇಕು.

2022ರ ಜನವರಿಯಲ್ಲಿ ಜಿಯೋ ಪ್ಲಾಟ್‌ಫಾರ್ಮ್ಸ್ ಜೊತೆಗಿನ ಒಪ್ಪಂದದ ಸುದ್ದಿ ಬಂದಾಗ ಈ ಷೇರು ಅರವತ್ತರ ಹತ್ತಿರ ಹೋಯಿತು. 2025ರ ಹೊತ್ತಿಗೆ ಇಪ್ಪತ್ತಕ್ಕಿಂತ ಕೆಳಗಿತ್ತು. ಒಪ್ಪಂದದ ಸುದ್ದಿ ಒಂದು ದಿನದಲ್ಲಿ ಬರುತ್ತದೆ. ಅದರಿಂದ ಲಾಭ ಬರಲು ವರ್ಷಗಳು ಬೇಕು, ಬರದೆಯೂ ಇರಬಹುದು.

ಷೇರು ಹೆಚ್ಚಾಗುವುದೆಲ್ಲ ಕೆಟ್ಟದ್ದೆಂದು ಮಾತ್ರ ತಿಳಿಯಬೇಡಿ. ನಿಮ್ಮ ಊರಿನಲ್ಲೇ ಕಾರ್ಖಾನೆಯಿರುವ ಟೈಟಾನ್‌ನ ಷೇರುಗಳೂ 2011ರಲ್ಲಿ ಸುಮಾರು 4.4 ಕೋಟಿಯಿಂದ 88 ಕೋಟಿ ದಾಟಿದವು. ಆದರೆ ಅಲ್ಲಿ ಹತ್ತು ರೂಪಾಯಿ ಮುಖಬೆಲೆಯ ಷೇರನ್ನು ಒಂದೊಂದು ರೂಪಾಯಿಯ ಹತ್ತಾಗಿ ಸೀಳಿ, ಮೇಲೆ ಒಂದಕ್ಕೊಂದು ಬೋನಸ್ ಕೊಟ್ಟರು. ಒಂದು ಷೇರಿದ್ದವರಿಗೆ ಇಪ್ಪತ್ತಾಯಿತು, ಯಾರ ಪಾಲೂ ಕರಗಲಿಲ್ಲ. ಟೈಟಾನ್ ಷೇರನ್ನು ಬಿಡದೆ ಇಟ್ಟುಕೊಂಡು ಬದುಕು ಕಟ್ಟಿಕೊಂಡವರ ಮಾತು ನಿಮ್ಮ ಕಡೆ ನೀವೂ ಕೇಳಿರುತ್ತೀರಿ. ಅವರಿಗೆ ಫಲ ಸಿಕ್ಕಿದ್ದು ಷೇರು ಅಗ್ಗವಾಗಿದ್ದುದರಿಂದಲ್ಲ. ಪಾಲು ಕರಗದೆ ಉಳಿಯಿತು, ವ್ಯಾಪಾರ ಬೆಳೆಯಿತು. ಹಾಗಾಗಿ ನೀವು ಹೇಳಿದ ಕಂಪನಿಯ ಐದಾರು ವರ್ಷದ ಷೇರು ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬೋನಸ್, ಸೀಳಿಕೆ ಇಲ್ಲದೆ ಸಂಖ್ಯೆ ಏರುತ್ತ ಬಂದಿದ್ದರೆ, ಆ ಹೊಸ ಷೇರುಗಳು ಯಾರಿಗೆ, ಯಾವ ಬೆಲೆಗೆ ಹೋದವು ಎಂದು ಹುಡುಕಿ.

ಇನ್ನು ಇನ್ಫೋಸಿಸ್. 1993ರಲ್ಲಿ ಅದು 95 ರೂಪಾಯಿಗೆ ಷೇರು ಬಿಟ್ಟಾಗ ಪೂರ್ತಿ ಕೊಳ್ಳುವವರೂ ಸಿಗಲಿಲ್ಲ, ಮಾರ್ಗನ್ ಸ್ಟ್ಯಾನ್ಲಿ ಮುಂದೆ ಬಂದು ಉಳಿದದ್ದನ್ನು ಎತ್ತಿಕೊಂಡಿತು ಎಂಬುದು ನಿಜ. ಆದರೆ ಆಗಲೂ ಅದು ಲಾಭ ಮಾಡುತ್ತಿದ್ದ ಕಂಪನಿ. ಕಾನೂನು ಕೇಳುವುದಕ್ಕಿಂತ ಹೆಚ್ಚು ವಿವರವನ್ನು ಷೇರುದಾರರ ಮುಂದಿಡುವುದು ಅದರ ಅಭ್ಯಾಸವಾಗಿತ್ತು. ಅದೇ ದಶಕದಲ್ಲಿ ಚೆನ್ನೈನ ಡಿಎಸ್‌ಕ್ಯೂ ಸಾಫ್ಟ್‌ವೇರ್, ಪೆಂಟಾಮೀಡಿಯಾ ಗ್ರಾಫಿಕ್ಸ್ ಕೂಡ ‘ಮುಂದಿನ ಇನ್ಫೋಸಿಸ್’ ಎಂದು ಕೊಂಡಾಡಿಸಿಕೊಂಡವು. ಷೇರು ದಲ್ಲಾಳಿ ಕೇತನ್ ಪಾರೇಖ್ ಮೆಚ್ಚಿ ಎತ್ತಿ ಏರಿಸಿದ ಷೇರುಗಳಲ್ಲಿ ಅವೂ ಇದ್ದವು. 2001ರಲ್ಲಿ ಅವರ ಷೇರು ಹಗರಣ ಬಯಲಾದ ಮೇಲೆ ಅವುಗಳನ್ನು ನಂಬಿದವರ ದುಡ್ಡು ಮರಳಲಿಲ್ಲ. ಗೆದ್ದ ಒಂದರ ಹೆಸರು ಎಲ್ಲರ ಬಾಯಲ್ಲಿದೆ, ಸೋತ ಹತ್ತರ ಹೆಸರು ಯಾರಿಗೂ ನೆನಪಿಲ್ಲ. ವಾಕಿಂಗ್ ಚರ್ಚೆಯಲ್ಲಿ ಆ ಹತ್ತನ್ನೂ ಲೆಕ್ಕಕ್ಕೆ ತನ್ನಿ.

ಕೊನೆಗೊಂದು ಪರೀಕ್ಷೆ. ಸಾಫ್ಟ್‌ವೇರ್ ಕಂಪನಿಗೆ ಯಂತ್ರ, ಗೋದಾಮು ಹೆಚ್ಚಿರುವುದಿಲ್ಲ, ಆದಾಯದ ದೊಡ್ಡ ಪಾಲು ಸಂಬಳಕ್ಕೇ ಹೋಗುತ್ತದೆ. ಅಲ್ಲಿ ಲೆಕ್ಕ ಹದಗೆಟ್ಟರೆ ಮೊದಲು ಕಾಣುವುದು ಬರಬೇಕಾದ ಬಾಕಿಯಲ್ಲಿ. ವಾರ್ಷಿಕ ವರದಿಯಲ್ಲಿ ನಗದು ಹರಿವಿನ ಪಟ್ಟಿ ಇರುತ್ತದೆ. ಐದು ವರ್ಷದ ಲಾಭವನ್ನು ಒಟ್ಟು ಕೂಡಿಸಿ, ಐದು ವರ್ಷದಲ್ಲಿ ವ್ಯವಹಾರದಿಂದ ನಿಜವಾಗಿ ಕೈಗೆ ಬಂದ ನಗದನ್ನೂ ಕೂಡಿಸಿ. ಲಾಭ ನೂರು ಕೋಟಿ ಎಂದು ಬರೆದು ನಗದು ಇಪ್ಪತ್ತೇ ಬಂದಿದ್ದರೆ, ಉಳಿದ ಎಂಬತ್ತು ಗಿರಾಕಿಗಳ ಬಳಿ ಬಾಕಿಯಿರಬಹುದು, ಬಿಲ್ಲೇ ಹಾಕದ ಆದಾಯವೆಂದು ಬರೆದಿರಬಹುದು. ಅರ್ಧ ಆದಾಯ ಒಬ್ಬನೇ ಗಿರಾಕಿಯಿಂದ ಬರುತ್ತಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ.

ಗ್ರಾಚ್ಯುಟಿ ಹಣದ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ, ಅದು ಇಲ್ಲಿಗೆ ಬರಬಾರದು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು. ಮೊದಲು ಅದು. ಈ ಷೇರಿನಲ್ಲಿ ಆಸೆಯಿದ್ದೇ ಇದ್ದರೆ, ಪೂರ್ತಿ ಹೋದರೂ ಮನೆಯಲ್ಲಿ ಯಾರ ಔಷಧಿಯೂ ನಿಲ್ಲದಷ್ಟು ಹಣ ಮಾತ್ರ ಹಾಕಿ.

ಪ್ರಶ್ನೆ: ನಾವು ಗುಲಾಬಿ ಬೆಳೆಯುವವರು. ಎಸ್‌ಎಂಇ ಐಪಿಒ ಅಂತ ಒಂದು ಸಾಫ್ಟ್‌ವೇರ್ ಕಂಪನಿ ಬರ್ತಾ ಇದೆ, ಇನ್ನೂರು ಪಟ್ಟು ಅರ್ಜಿ ಬಂದಿದೆ, ಸಿಕ್ಕಿದರೆ ಮೊದಲ ದಿನವೇ ಡಬಲ್ ಅಂತ ನಮ್ಮ ಅಕ್ಕನ ಮಗ ಹೇಳ್ತಾನೆ. ಅಷ್ಟು ಜನ ಕೇಳ್ತಾ ಇದ್ದಾರೆ ಅಂದರೆ ಕಂಪನಿ ಒಳ್ಳೇದೇ ಅಲ್ಲವಾ?
— ಕೆಲಮಂಗಲ

ಉತ್ತರ: ಅಲ್ಲ. 2024ರ ಸೆಪ್ಟೆಂಬರ್‌ನಲ್ಲಿ ನೋಯ್ಡಾದ ಟ್ರಾಫಿಕ್‌ಸೋಲ್ ಐಟಿಎಸ್ ಟೆಕ್ನಾಲಜೀಸ್ ಎಂಬ ಸಣ್ಣ ಕಂಪನಿ ಬಿಎಸ್‌ಇಯ ಎಸ್‌ಎಂಇ ವಿಭಾಗಕ್ಕೆ ಬಂತು. 70 ರೂಪಾಯಿಯಂತೆ ಷೇರು, ಎತ್ತಬೇಕಿದ್ದ ಹಣ ಸುಮಾರು 45 ಕೋಟಿ. ಅರ್ಜಿ ಬಂದದ್ದು 345 ಪಟ್ಟು. ಎತ್ತಿದ ಹಣದಲ್ಲಿ 17.70 ಕೋಟಿಯನ್ನು ಒಂದು ತಂತ್ರಾಂಶ ಕೊಳ್ಳಲು ಬಳಸುತ್ತೇವೆ ಎಂದು ಕಂಪನಿ ಹೇಳಿತ್ತು. ಷೇರು ವಹಿವಾಟಿಗೆ ಬರುವ ಮೊದಲೇ ದೂರು ಹೋಯಿತು, ಬಿಎಸ್‌ಇ ಲಿಸ್ಟಿಂಗ್ ನಿಲ್ಲಿಸಿತು. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಹುಡುಕಿದಾಗ, ತಂತ್ರಾಂಶ ಮಾರಬೇಕಿದ್ದ ಕಂಪನಿ ಬರಿಯ ಹೆಸರಿಗಿದ್ದದ್ದು ಎಂದು ತಿಳಿಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಎಲ್ಲರ ಹಣ ವಾಪಸು ಕೊಡುವಂತೆ ಸೆಬಿ ಆದೇಶಿಸಿತು. ಇಲ್ಲಿ ದುಡ್ಡು ಉಳಿದದ್ದು ಅನುಮಾನಪಟ್ಟವರು ದೂರು ಕೊಟ್ಟಿದ್ದರಿಂದ. 345 ಪಟ್ಟು ಅರ್ಜಿ ಹಾಕಿದ ಜನರ ನಂಬಿಕೆಯಿಂದಲ್ಲ.

ಆ ಬಳಿಕ ಸೆಬಿ ನಿಯಮ ಬಿಗಿಮಾಡಿದೆ. ಹಿಂದಿನ ಮೂರು ವರ್ಷಗಳಲ್ಲಿ ಎರಡರಲ್ಲಾದರೂ ಕನಿಷ್ಠ ಒಂದು ಕೋಟಿ ರೂಪಾಯಿ ಕಾರ್ಯನಿರ್ವಹಣಾ ಲಾಭ ತೋರಿಸದ ಕಂಪನಿ ಈ ದಾರಿಯಲ್ಲಿ ಬರುವಂತಿಲ್ಲ. ಹೂಡಿಕೆದಾರರ ಕನಿಷ್ಠ ಅರ್ಜಿಯೂ ಎರಡು ಲಕ್ಷ ದಾಟಿದೆ. ನಿಮ್ಮಂಥವರ ದುಡ್ಡು ಸುಲಭವಾಗಿ ಇಲ್ಲಿ ಸಿಕ್ಕಿಹಾಕಿಕೊಳ್ಳಬಾರದೆಂದೇ ಆ ಮೊತ್ತ ಏರಿಸಿದ್ದು. ಸಿಕ್ಕ ಷೇರನ್ನು ಮಾರುವಾಗಲೂ ಬಿಡಿಬಿಡಿಯಾಗಿ ಕೊಡಲಾಗುವುದಿಲ್ಲ, ನಿಗದಿತ ಸಂಖ್ಯೆಯ ಷೇರುಗಳ ಲಾಟ್ ಲೆಕ್ಕದಲ್ಲೇ ಕೊಡಬೇಕು. ಕೊಳ್ಳುವವರು ಇಲ್ಲದ ದಿನ ಲಾಟ್ ಹಿಡಿದು ಕೂರಬೇಕಾಗುತ್ತದೆ. ಅಕ್ಕನ ಮಗನಿಗೆ ಒಂದೇ ಪ್ರಶ್ನೆ ಕೇಳಿ: ಎತ್ತಿದ ಹಣದಲ್ಲಿ ಕಂಪನಿ ಏನು ಕೊಳ್ಳುತ್ತದೆ, ಯಾರಿಂದ ಕೊಳ್ಳುತ್ತದೆ? ‘ಹಣ ಬಳಕೆಯ ಉದ್ದೇಶ’ ಎಂಬ ಭಾಗದಲ್ಲಿ ಉತ್ತರ ಇರುತ್ತದೆ. ಓದಿ ಹೇಳಲಾಗದಿದ್ದರೆ ಅರ್ಜಿ ಬೇಡ.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡ್ತೀನಿ. ನಮ್ಮ ತಂದೆ ಒಂದು ಟೆಲಿಗ್ರಾಂ ಗುಂಪಿನ ಮಾತು ಕೇಳಿ ಒಂದು ಸಾಫ್ಟ್‌ವೇರ್ ಷೇರು ಕೊಂಡರು. ಹದಿನೈದು ದಿನ ದಿನಾ ಅಪ್ಪರ್ ಸರ್ಕ್ಯೂಟ್. ಈಗ ದಿನಾ ಲೋಯರ್ ಸರ್ಕ್ಯೂಟ್, ಮಾರೋಕೆ ಹಾಕಿದರೆ ಹೋಗ್ತಾನೇ ಇಲ್ಲ. ಆ್ಯಪ್ ತಪ್ಪಾ?
— ಬಾಗಲೂರು ರಸ್ತೆ, ಹೊಸೂರು

ಉತ್ತರ: ಆ್ಯಪ್‌ನದಲ್ಲಮ್ಮ. ಒಂದು ದಿನದಲ್ಲಿ ಇಷ್ಟಕ್ಕಿಂತ ಹೆಚ್ಚು ಏರುವಂತಿಲ್ಲ, ಇಳಿಯುವಂತಿಲ್ಲ ಎಂಬ ಗಡಿಯೇ ಸರ್ಕ್ಯೂಟ್. ಕೆಳಗಿನ ಗಡಿ ಮುಟ್ಟಿದಾಗ ಮಾರುವವರು ಸಾಲುಗಟ್ಟಿರುತ್ತಾರೆ, ಕೊಳ್ಳುವವರು ಇರುವುದಿಲ್ಲ. ಆಗ ನೀವು ಹಾಕಿದ ಆರ್ಡರ್ ಸರದಿಯಲ್ಲಿ ಸುಮ್ಮನೆ ನಿಂತಿರುತ್ತದೆ. ಹದಿನೈದು ದಿನ ಏರಿಸಿದವರು ತಮ್ಮ ಷೇರನ್ನು ನಿಮ್ಮ ತಂದೆಯಂಥವರಿಗೆ ದಾಟಿಸಿ ಹೊರಗೆ ಹೋಗಿರುವ ಸಾಧ್ಯತೆಯೇ ಹೆಚ್ಚು. ಸಾಧನಾ ಬ್ರಾಡ್‌ಕಾಸ್ಟ್ ಎಂಬ ಕಂಪನಿಯ ವಿಷಯದಲ್ಲಿ 2023ರ ಮಾರ್ಚ್‌ನ ಸೆಬಿ ಆದೇಶ ಇದೇ ಬಗೆಯನ್ನು ವಿವರಿಸಿತು. ಯೂಟ್ಯೂಬ್‌ನಲ್ಲಿ ಸುಳ್ಳು ಸುದ್ದಿಯ ವಿಡಿಯೊ ಹಾಕಿದರು, ಜನ ಮುಗಿಬಿದ್ದರು, ಎರಡು ಸಾವಿರ ಚಿಲ್ಲರೆ ಇದ್ದ ಸಣ್ಣ ಷೇರುದಾರರು 55 ಸಾವಿರ ದಾಟಿದರು. ಅಷ್ಟರಲ್ಲಿ ಒಳಗಿನವರು ಮಾರಿ ಮುಗಿಸಿದ್ದರು.

ಪ್ರತಿದಿನ ಮಾರುಕಟ್ಟೆ ತೆರೆಯುವ ಮುನ್ನವೇ ಕೆಳಗಿನ ಗಡಿಯ ಬೆಲೆಗೆ ಮಾರಾಟದ ಆರ್ಡರ್ ಹಾಕುತ್ತಿರಿ, ಸರದಿಯಲ್ಲಿ ಮುಂದಿರುವುದು ಮುಖ್ಯ. ಗುಂಪಿನ ಸಂದೇಶಗಳನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೆಬಿಗೆ ದೂರು ಕೊಡಿ. ತಂದೆಯವರನ್ನು ಗದರಬೇಡಿ. ಗದರಿದರೆ ಮುಂದಿನ ಸಲ ನಿಮಗೆ ಹೇಳದೆ ಕೊಳ್ಳುತ್ತಾರೆ, ನಷ್ಟ ಇನ್ನೂ ತಡವಾಗಿ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ತಂದೆ ಶಾಲಾ ಮೇಷ್ಟ್ರು. ಪೇಪರ್ ಓದಿ, ಲೆಕ್ಕ ನೋಡಿ ಸತ್ಯಂ ಷೇರು ತೆಗೆದಿದ್ದರು. 2009ರಲ್ಲಿ ಎಲ್ಲ ಹೋಯ್ತು ಅಂತ ಆ ವಿಷಯವನ್ನೇ ಬಿಟ್ಟರು. ಅವರು ತೀರಿಕೊಂಡ ಮೇಲೆ 2008ರ ಡಿವಿಡೆಂಡ್ ಚೀಟಿ ಸಿಕ್ಕಿದೆ, 1,700 ಷೇರು ಅಂತ ಇದೆ. ಅಷ್ಟು ಓದಿದವರು ಹೇಗೆ ಮೋಸ ಹೋದರು ಅನ್ನೋದೇ ನಮಗೆ ಇವತ್ತಿಗೂ ನೋವು.
— ಕೃಷ್ಣಗಿರಿ

ಉತ್ತರ: ನಿಮ್ಮ ತಂದೆಯವರ ಓದಿನಲ್ಲಿ ತಪ್ಪಿರಲಿಲ್ಲ, ಅವರ ಮುಂದಿಟ್ಟ ಲೆಕ್ಕವೇ ಸುಳ್ಳಾಗಿತ್ತು. 2009ರ ಜನವರಿ 7ರಂದು ಸಾಫ್ಟ್‌ವೇರ್ ಕಂಪನಿ ಸತ್ಯಂನ ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು ಒಪ್ಪಿಕೊಂಡರು: ಪುಸ್ತಕದಲ್ಲಿ ತೋರಿಸಿದ 5,361 ಕೋಟಿ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ಇರಲೇ ಇಲ್ಲ. ಅದರ ಮೇಲಿನ ಬಡ್ಡಿಯನ್ನೂ ಸುಳ್ಳಾಗಿಯೇ ಬರೆದಿದ್ದರು. ಹೆಸರಾಂತ ಲೆಕ್ಕಪರಿಶೋಧಕರ ಸಹಿ ಅದರ ಮೇಲಿತ್ತು. ಮನೆಯಲ್ಲಿ ಕುಳಿತು ಓದುವವರು ಇದನ್ನು ಕಂಡುಹಿಡಿಯುವುದು ಸಾಧ್ಯವಿರಲಿಲ್ಲ.

ಸಮಾಧಾನದ ಸಂಗತಿಯೂ ಇದೆ, ಎಲ್ಲ ಹೋಗಿಲ್ಲ. ಟೆಕ್ ಮಹೀಂದ್ರ ಆ ಕಂಪನಿಯನ್ನು ಕೊಂಡು, 2013ರಲ್ಲಿ ತನ್ನೊಳಗೆ ವಿಲೀನ ಮಾಡಿಕೊಂಡಿತು. ಪ್ರತಿ 17 ಷೇರಿಗೆ ಟೆಕ್ ಮಹೀಂದ್ರದ 2 ಷೇರು. 1,700ಕ್ಕೆ 200 ಆಯಿತು. 2015ರಲ್ಲಿ ಒಂದಕ್ಕೊಂದು ಬೋನಸ್, ಜೊತೆಗೆ ಮುಖಬೆಲೆ ಹತ್ತರಿಂದ ಐದಕ್ಕೆ ಸೀಳಿಕೆ. 200 ಈಗ 800. ತಂದೆಯವರು ನಡುವೆ ಮಾರಿರದಿದ್ದರೆ ಇಷ್ಟು ಷೇರು ನಿಮ್ಮ ಕುಟುಂಬಕ್ಕೆ ಸೇರಬೇಕು. ಸತತ ಏಳು ವರ್ಷ ಡಿವಿಡೆಂಡ್ ಪಡೆಯದಿದ್ದರೆ ಷೇರುಗಳು ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ, ಅಲ್ಲಿಂದಲೂ ವಾಪಸು ಪಡೆಯಬಹುದು. ಮರಣ ಪ್ರಮಾಣಪತ್ರ, ವಾರಸುದಾರಿಕೆಯ ದಾಖಲೆ, ಆ ಚೀಟಿಯ ಫೋಲಿಯೊ ಸಂಖ್ಯೆ ಇಟ್ಟುಕೊಂಡು ಮೊದಲು ಕಂಪನಿಯ ಷೇರು ರಿಜಿಸ್ಟ್ರಾರ್‌ಗೆ ಬರೆಯಿರಿ. ನಿಧಿಗೆ ಹೋಗಿದ್ದರೆ ಐಇಪಿಎಫ್-5 ಅರ್ಜಿ ತುಂಬಬೇಕು. ಅರ್ಧ ಪಾಲು ಕೊಟ್ಟರೆ ಬಿಡಿಸಿಕೊಡುತ್ತೇವೆ ಎಂದು ಬರುವವರಿಗೆ ಒಪ್ಪಬೇಡಿ. ತಾಳ್ಮೆಯಿದ್ದರೆ ಇದು ನೀವೇ ಮಾಡಬಹುದಾದ ಕೆಲಸ.

ಪ್ರಶ್ನೆ: ನನ್ನ ಬಳಿ ಒಂದು ಸಣ್ಣ ಐಟಿ ಕಂಪನಿಯ ಐವತ್ತೇ ಷೇರು ಇದೆ. ಕಂಪನಿಯವರನ್ನು ನಾನೂ ಪ್ರಶ್ನೆ ಕೇಳಬಹುದಾ? ಇಂಗ್ಲಿಷ್ ಅಷ್ಟಕ್ಕಷ್ಟೆ.
— ತಳಿ

ಉತ್ತರ: ಒಂದು ಷೇರಿದ್ದರೂ ಕೇಳಬಹುದು. ವಾರ್ಷಿಕ ಸಭೆಯ ನೋಟಿಸು ಕನಿಷ್ಠ 21 ದಿನ ಮೊದಲು ಬರುತ್ತದೆ. ಮಾರ್ಚ್‌ಗೆ ಲೆಕ್ಕ ಮುಗಿಸುವ ಕಂಪನಿಗಳು ಸೆಪ್ಟೆಂಬರ್ ಒಳಗೆ ಸಭೆ ನಡೆಸಬೇಕು. 2020ರಿಂದ ಹೆಚ್ಚಿನ ಸಭೆಗಳು ವಿಡಿಯೊದಲ್ಲೇ ನಡೆಯುತ್ತಿವೆ, ತಳಿಯಿಂದಲೇ ಸೇರಬಹುದು. ಮಾತನಾಡಬೇಕೆಂದರೆ ನೋಟಿಸಿನಲ್ಲಿರುವ ವಿಳಾಸಕ್ಕೆ ಮುಂಚಿತವಾಗಿ ಇಮೇಲ್ ಕಳಿಸಿ ಹೆಸರು ನೋಂದಾಯಿಸಿ. ಇಂಗ್ಲಿಷಿಗೆ ಹೆದರಬೇಡಿ, ಮಕ್ಕಳ ಕೈಲಿ ಬರೆಸಿ ಲಿಖಿತವಾಗಿಯೇ ಕಳಿಸಬಹುದು. ಮೂರು ಪ್ರಶ್ನೆ ಸಾಕು: ಆರು ತಿಂಗಳಿಗೂ ಹಳೆಯ ಬಾಕಿ ಎಷ್ಟು? ಅತಿ ದೊಡ್ಡ ಗಿರಾಕಿಯಿಂದ ಆದಾಯದ ಎಷ್ಟು ಪಾಲು ಬರುತ್ತದೆ? ಮುಂದಿನ ವರ್ಷ ಹೊಸ ಷೇರು ಬಿಡುವ ಯೋಚನೆ ಇದೆಯೇ? ಉತ್ತರ ಬಂದರೆ ಅದನ್ನು ಮತ್ತಿಗಿರಿಯವರ ವಾಕಿಂಗ್ ಗೆಳೆಯರಂತೆ ನಿಮ್ಮ ಊರಿನವರ ಮುಂದೆಯೂ ಇಟ್ಟು ಚರ್ಚಿಸಿ. ಡಿವಿಡೆಂಡ್, ಷೇರು ವರ್ಗಾವಣೆಯಂಥ ನಿಮ್ಮ ಹಕ್ಕಿನ ವಿಷಯಕ್ಕೆ ಉತ್ತರ ಬರದೆ ಹೋದರೆ ಸೆಬಿಯ ಸ್ಕೋರ್ಸ್ ತಾಣದಲ್ಲಿ ದೂರು ದಾಖಲಿಸಿ, ಕಂಪನಿ 21 ದಿನಗಳೊಳಗೆ ಉತ್ತರ ಕೊಡಬೇಕಾಗುತ್ತದೆ.