ಆಣೆ ಇಡೋ ಮುಂಚೆ

ನಿನ್ನೆ ತಂಗಿಯ ಮೇಲೆ ರೇಗಿದ್ದು ನನಗೂ ಕೇಳಿಸಿತು, ಮಗೂ. "ಚಾರ್ಜರ್ ಮೇಜಿನ ಮೇಲೇ ಇತ್ತು, ಕಣ್ಣಾರೆ ನೋಡಿದ್ದೀನಿ" ಅಂತ ಆಣೆ ಬೇರೆ ಇಟ್ಟೆ. ನೀನು ಸುಳ್ಳು ಹೇಳೋ ಹುಡುಗನಲ್ಲ, ಬಲ್ಲೆ. ಆತುರಗಾರ ಅಷ್ಟೆ. ಚಾರ್ಜರ್ ದಿನಾ ಇರೋದು ಆ ಮೇಜಿನ ಮೇಲೇ. ನೀನು ಕಂಡಿದ್ದು ನಿನ್ನೆಯ ಮೇಜೋ, ದಿನದ ಮೇಜೋ?

ಅಮೆರಿಕದಲ್ಲಿ ಬ್ರೂವರ್, ಟ್ರೇಯೆನ್ಸ್ ಅನ್ನೋ ಇಬ್ಬರು ಇದನ್ನೇ ಪರೀಕ್ಷೆ ಮಾಡಿ 1981ರಲ್ಲಿ ಬರೆದರು. ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಒಂದು ಆಫೀಸು ಕೋಣೆಯಲ್ಲಿ ಬರೀ 35 ಸೆಕೆಂಡು ಬಿಟ್ಟರು. ಹೊರಗೆ ಬಂದಮೇಲೆ, ಒಳಗೆ ಏನೇನಿತ್ತು ಹೇಳಿ ಅಂದರು. 30 ಜನರಲ್ಲಿ 9 ಮಂದಿ ಪುಸ್ತಕ ಇತ್ತು ಅಂದರು. ಅಲ್ಲಿ ಪುಸ್ತಕವೇ ಇರಲಿಲ್ಲ! ಓದೋರ ಕೋಣೆ ಅಂದಮೇಲೆ ಇರಲೇಬೇಕು ಅಂತ ಮನಸ್ಸೇ ತಂದು ಜೋಡಿಸಿಬಿಟ್ಟಿತ್ತು.

ನನ್ನ ಮನಸ್ಸೂ ಒಮ್ಮೆ ಹಾಗೇ ಜೋಡಿಸಿತು. ಉಂಗುರ ಕಾಣೆಯಾಯಿತು. ಹಿಟ್ಟು ಕಲಸೋ ಮುಂಚೆ ಅದನ್ನು ತೆಗೆದು ಕಿಟಕಿ ಕಟ್ಟೆ ಮೇಲಿಡೋದು ನನ್ನ ರೂಢಿ. ಅವತ್ತೂ ಅಲ್ಲೇ ಇಟ್ಟೆ ಅಂತ ಸಾಧಿಸಿದೆ. ಇಟ್ಟಿದ್ದು, ಅದರ ಮೇಲೆ ಬಿಸಿಲು ಬಿದ್ದು ಹೊಳೆದಿದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಕೆಲಸಕ್ಕೆ ಬರುತ್ತಿದ್ದವಳನ್ನು ಕೇಳಬಾರದ ರೀತಿಯಲ್ಲಿ ಕೇಳಿದೆ. ಅವಳು ಸೆರಗಲ್ಲಿ ಕಣ್ಣೊರೆಸಿಕೊಂಡು ಹೋದಳು.

ಮೂರನೇ ದಿನ ಅದೇ ಅಡುಗೆಮನೆ, ಅದೇ ಪರಾತ. ಕೈಗೆ ಹಿಟ್ಟು ಮೆತ್ತಿಕೊಂಡಿತೋ ಇಲ್ಲವೋ, ನೆನಪು ಬಂತು. ಅವತ್ತು ಕಿಟಕಿ ಕಟ್ಟೆ ಮೇಲೆ ಹಪ್ಪಳದ ತಟ್ಟೆ ಇತ್ತು. ಉಂಗುರವನ್ನು ಸಾಸಿವೆ ಡಬ್ಬಿಗೆ ಹಾಕಿದ್ದೆ. ಮುಚ್ಚಳ ತೆಗೆದರೆ, ಕಾಳಿನ ನಡುವೆ ಕೂತಿತ್ತು.

ಎರಡು ದಿನ ಮಂಚದ ಮೇಲೆ ಕೂತು ಎಷ್ಟು ಯೋಚಿಸಿದರೂ ಬಾರದ್ದು, ಹಿಟ್ಟು ಮುಟ್ಟಿದ ಗಳಿಗೆಗೆ ಬಂತು, ನೋಡು. ಜಾಗಕ್ಕೂ ನೆನಪಿಗೂ ಅಂಥ ನಂಟು. 1975ರಲ್ಲಿ ಗಾಡನ್, ಬ್ಯಾಡ್ಲಿ ಅನ್ನೋರು ಮುಳುಗುಗಾರರಿಗೆ ನೀರಡಿಯಲ್ಲಿ ಪದಗಳನ್ನು ಕಲಿಸಿದರು. ಆ ಪದಗಳು ದಡಕ್ಕಿಂತ ನೀರಡಿಯಲ್ಲೇ ಹೆಚ್ಚು ನೆನಪಾದವು.

ಅವತ್ತೇ ಅವಳ ಮನೆಗೆ ಹೋದೆ, ತಪ್ಪಾಯಿತು ಅಂದೆ. ಚಾಪೆ ಹಾಸಿ ಕೂರಿಸಿ ಕಾಫಿ ಕೊಟ್ಟಳು. ಕೆಲಸಕ್ಕೆ ಮಾತ್ರ ಮತ್ತೆ ಬರಲಿಲ್ಲ.

ನೀನು ಮೊನ್ನೆ ರಾತ್ರಿ ಫೋನ್ ಹಿಡಿದು ಎಲ್ಲಿ ಬಿದ್ದುಕೊಂಡಿದ್ದೆಯೋ ಅಲ್ಲೇ ಹೋಗಿ ಒಂದು ಗಳಿಗೆ ಬಿದ್ದುಕೋ. ಚಾರ್ಜರ್ ನೆನಪಾದರೂ ಆದೀತು. ಅದಕ್ಕೂ ಮುಂಚೆ ತಂಗಿಯನ್ನು ಮಾತಾಡಿಸು, ಬೆಳಗಿನಿಂದ ಅವಳು ತಿಂಡಿ ಮುಟ್ಟಿಲ್ಲ.