ಹದಿವಯದ ಮಕ್ಕಳಿಗೆ ಕಾಲದಾಸೋಹ

ಆಯ್ದಕ್ಕಿ ಮಾರಯ್ಯನವರ ಕಾಯಕ ಯಾವುದೆಂಬುದನ್ನು ಶರಣಬಂಧುಗಳಿಗೆ ಹೇಳಬೇಕಾದುದಿಲ್ಲ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುತ್ತಿದ್ದ ಅವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಸತಿ ಲಕ್ಕಮ್ಮನವರು ಮೆಚ್ಚಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಆಸೆಯ ನಿಷೇಧಕ್ಕಾಗಿ ಉದಾಹರಿಸುತ್ತೇವೆ. ಅದರಲ್ಲಿ ಇನ್ನೊಂದು ಅರ್ಥವೂ ಉಂಟು: ದಾಸೋಹಕ್ಕೆ ಬೇಕಾದುದು ಒಂದು ದಿನದ ರಾಶಿಗಿಂತ ದಿನದಿನದ ಅಳತೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ಹದಿವಯದ ಮಕ್ಕಳನ್ನು ನೆನೆದಾಗ ಈ ಅರ್ಥವೇ ಮುಂದೆ ಬರುತ್ತದೆ. ಜೋಯಿಡಾದ ಕುಣಬಿಯರ ಮನೆಮಾತು ಕೊಂಕಣಿ. ಸಿದ್ದಿಯರಲ್ಲಿ ಅನೇಕರದೂ ಕೊಂಕಣಿ ಬೆರೆತ ಮಾತು. ಗೌಳಿಗರದು ಮರಾಠಿಯ ಒಂದು ಬಗೆ. ಕನ್ನಡ ಶಾಲೆಗೆ ಬಂದ ಇಂಥ ಮಗು ಪಾಠದೊಡನೆ ಭಾಷೆಯನ್ನೂ ಕಲಿಯಬೇಕು. ಕಾಡಿನ ಊರುಗಳಿಗೆ ಪ್ರೌಢಶಾಲೆ ದೂರ, ಮಳೆಗಾಲದ ದಾರಿ ಕಠಿಣ. ಹತ್ತನೆಯ ತರಗತಿಯಲ್ಲಿ ಒಂದು ವಿಷಯ ಹೋಯಿತೆಂದರೆ ಹುಡುಗನು ಗೋವೆಗೋ, ಕಾಳೀತೀರದ ಪ್ರವಾಸಿಗೃಹಕ್ಕೋ ದುಡಿಯಲು ಹೊರಡುವುದುಂಟು. ಹುಡುಗಿಗೆ ವರನನ್ನು ಹುಡುಕುವುದುಂಟು. 18 ತುಂಬದ ಹುಡುಗಿಯ ವಿವಾಹವನ್ನು 2006ರ ಕಾಯಿದೆ ನಿಷೇಧಿಸಿದೆ. 14ರಿಂದ 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವುದನ್ನು 2016ರ ತಿದ್ದುಪಡಿ ತಡೆದಿದೆ. ಆದರೆ ಸಂಜೆಯ ಹೊತ್ತು ಮಗುವಿನ ಪಕ್ಕದಲ್ಲಿ ಕುಳಿತು ಪಾಠ ಓದಿಸುವ ಶಕ್ತಿ ಯಾವ ಕಾಯಿದೆಗೂ ಇಲ್ಲ.

ಆ ಕೆಲಸ ಗೃಹಸ್ಥರಾದ ನಮ್ಮದು. ವಾರಕ್ಕೆ ಒಂದೇ ಸಂಜೆ ಸಾಕು. ಜೂನ್ ತಿಂಗಳಿನಿಂದ ಪರೀಕ್ಷೆಯವರೆಗೆ ಅದು ತಪ್ಪಬಾರದು. ಬಸವಜಯಂತಿಯಂದು ನೋಟುಪುಸ್ತಕ ಹಂಚಿ, ಮಾಲೆ ಹಾಕಿಸಿಕೊಂಡು, ಮತ್ತೆ ಆ ದಾರಿ ಹಿಡಿಯದವರು ನಮ್ಮಲ್ಲಿ ಕಡಿಮೆಯಿಲ್ಲ (ಈ ಲೇಖಕನೂ ಒಮ್ಮೆ ಅವರಲ್ಲೊಬ್ಬನು). ಹದಿನೈದರ ಮಗು ಇದನ್ನು ಬೇಗ ಗುರುತಿಸುತ್ತದೆ. ಹಾಗೆ ಬಂದು ಹೋದವರು ಹತ್ತು ಮಂದಿಯಾದರೆ ಹನ್ನೊಂದನೆಯವರೊಡನೆ ಅದು ಮನಬಿಚ್ಚಿ ಮಾತಾಡದು. ಇದೇ ಜಿಲ್ಲೆಯ ಬನವಾಸಿಯಲ್ಲಿ ಜನಿಸಿದ ಹರ್ಡೇಕರ ಮಂಜಪ್ಪನವರು (1886–1947) 1913ರಲ್ಲಿ ದಾವಣಗೆರೆಯಲ್ಲಿ ಬಸವಜಯಂತಿಯನ್ನು ಸಾರ್ವಜನಿಕವಾಗಿ ಆರಂಭಿಸಿದವರು. ಉತ್ಸವದಲ್ಲಿಯೇ ನಿಲ್ಲದೆ ಮುಂದೆ ಆಲಮಟ್ಟಿಯಲ್ಲಿ ವಿದ್ಯಾಲಯ ಕಟ್ಟಿ ಮಕ್ಕಳ ಶಿಕ್ಷಣದಲ್ಲಿ ತೊಡಗಿದರು.

ಸಿದ್ದಿಯರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಕುಲವನ್ನು ಕೇಳದಿರುವುದು ಬಸವಣ್ಣನವರ ಮಾರ್ಗವಾದರೆ ಮತವನ್ನು ಕೇಳದಿರುವುದೂ ಅದರಲ್ಲಿ ಸೇರಿದೆ. ಮಗುವಿನ ಹಣೆಗೆ ವಿಭೂತಿ ಹಚ್ಚುವ ಅವಸರ ನಮಗೆ ಬೇಡ. ಕೂಡುವ ಸ್ಥಳ ಶಾಲೆಯ ಜಗುಲಿಯಂತೆ ನಾಲ್ವರಿಗೆ ಕಾಣುವಂಥದಿರಬೇಕು, ತಂದೆತಾಯಿಗಳಿಗೆ ತಿಳಿದಿರಬೇಕು. ಮಗುವನ್ನು ಒಂಟಿಯಾಗಿ ಕರೆದೊಯ್ಯತಕ್ಕುದಲ್ಲ. ಹೊಡೆತದ ಸಂಗತಿಯಾಗಲಿ, ಎಳೆಯ ವಯಸ್ಸಿನ ಮದುವೆಯ ಮಾತಾಗಲಿ ಕಿವಿಗೆ ಬಿದ್ದರೆ ತಾವೇ ನ್ಯಾಯ ಹೇಳಲು ಕೂಡದೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸತಕ್ಕುದು.

ಹೊರಡುವವರು ಮೊದಲು ಮುಖ್ಯೋಪಾಧ್ಯಾಯರನ್ನು ಕಾಣಬೇಕು. ಹಾಜರಿ ಪುಸ್ತಕದಲ್ಲಿ ಯಾರ ಗೈರುಹಾಜರಿ ಹೆಚ್ಚುತ್ತಿದೆಯೆಂದು ಕೇಳಿ, ಅವರ ಒಪ್ಪಿಗೆಯಿಂದ ಆ ಮನೆಗೆ ಹೋಗಬೇಕು. ಅನುತ್ತೀರ್ಣರಾದವರು ಅದೇ ವರ್ಷ ಮರಳಿ ಪರೀಕ್ಷೆಗೆ ಕೂಡಬಹುದೆಂಬುದು ಎಷ್ಟೋ ಮನೆಗಳಿಗೆ ತಿಳಿಯದು. ಆ ಅರ್ಜಿಯನ್ನು ತುಂಬಿಸಿಕೊಡುವುದೇ ಮೊದಲ ಸಂಜೆಯ ಕಾಯಕವಾಗಬಹುದು.